ಸರಕಾರಿ ಪುಸ್ತಕದ ಗಿರಾಕಿಗಳು

ಸರಕಾರಿ ಪುಸ್ತಕ ಹುಡುಕಿಕೊಂಡು ಬರುವವರು ಕಡಿಮೆ. ಬಂದವರಲ್ಲಿ ನನ್ನನ್ನು ನಗಿಸದೆ ವಾಪಸು ಹೋದವರು ಇನ್ನೂ ಕಡಿಮೆ. ಗ್ರಂಥಾಲಯದ ನೌಕರಿಯಲ್ಲಿ ಬೇರೆಯವರಿಗೆ ಕಥೆ, ಕಾದಂಬರಿ, ಸಿನಿಮಾ ಪತ್ರಿಕೆ ಸಿಕ್ಕವು. ನನ್ನ ಪಾಲಿಗೆ ಬಂದದ್ದು ರಾಜ್ಯಪತ್ರ ಅನ್ನುವ ಗೆಜೆಟ್ಟು, ಗ್ಯಾಜೆಟಿಯರು, ಜನಗಣತಿ, ಬಜೆಟ್ ಭಾಷಣ ಮತ್ತು ಇಲಾಖೆಗಳ ವಾರ್ಷಿಕ ವರದಿ. "ಇದರಾಗ ನಗೋವಂಥಾದ್ದು ಏನದ?" ಎಂದು ನಮ್ಮ ಮನೆಯವರು ಕೇಳುತ್ತಿದ್ದರು. ಪುಸ್ತಕದಲ್ಲಿ ಏನೂ ಇರಲಿಲ್ಲ, ಎಲ್ಲಾ ಗಿರಾಕಿಗಳಲ್ಲಿತ್ತು.

ಬೀದರ, ಭಾಲ್ಕಿ, ಔರಾದ, ಮೂರೂ ಕಡೆಯ ಸರಕಾರಿ ಪ್ರಕಟಣೆಗಳ ಕಪಾಟು ನನ್ನ ಕೊರಳಿಗೇ ಬಿದ್ದಿತ್ತು. ಒಬ್ಬೊಬ್ಬರೇ ನಿವೃತ್ತರಾಗುತ್ತಾ ಹೋದರು, ಹೊಸಬರು ಬರಲಿಲ್ಲ, ಚಾರ್ಜು ಮಾತ್ರ ನನಗೆ ಬಂತು. ನೌಬಾದದ ಮನೆಯಿಂದ ಬುತ್ತಿ ಕಟ್ಟಿಕೊಂಡು ಹೊರಟರೆ ಇವತ್ತು ಭಾಲ್ಕಿ ಬಸ್ಸು, ನಾಳೆ ಔರಾದ ಬಸ್ಸು. ಈಗ ನೆನೆಸಿಕೊಂಡರೆ ಆ ಬಸ್ಸಿನ ಧೂಳಿನ ಮೇಲೂ ಪ್ರೀತಿ ಬರುತ್ತದೆ. ಆಗ ಬಂದಿರಲಿಲ್ಲ, ಸುಳ್ಳು ಯಾಕೆ ಹೇಳಲಿ.

ಅವು ಬರದ ವರ್ಷಗಳು. ಮೋಡ ಬಂದು ಮುಖ ತೋರಿಸಿ ಹೈದರಾಬಾದಿನ ಕಡೆ ಹೋಗುತ್ತಿತ್ತು, ಹಿಂದೆಯೇ ನಮ್ಮ ಜನವೂ ಹೋಗುತ್ತಿತ್ತು. ಊರಿಗೆ ಊರೇ ಗುಳೆ ಎದ್ದಿದ್ದಾಗ ಮೇಲಿನಿಂದ ಒಂದು ಸೂಚನೆ ಬಂತು. ಸರಕಾರದ ಮಾಹಿತಿಯೆಲ್ಲ ಈಗ ಆನ್‌ಲೈನ್ ಸಿಗುತ್ತದೆ, ಆದ್ದರಿಂದ ಓದುಗರಿಲ್ಲದ ಓದುಕೋಣೆಗಳನ್ನು ಮುಚ್ಚಬೇಕು. ಮೊದಲ ಸರದಿ ಔರಾದದ್ದು. ಬಸ್ ನಿಲ್ದಾಣದ ಪಕ್ಕದ ಆ ಕೋಣೆ ನೀರಿನ ಟ್ಯಾಂಕರಿನವರ ಕಣ್ಣಿಗೆ ಬಿದ್ದಿತ್ತು, ಪೈಪು ಮೋಟಾರು ಇಡಲು ಅವರಿಗೆ ಅದೇ ಬೇಕಂತೆ.

ಕೋಣೆ ಮುಚ್ಚಿದರೆ ನನಗೇನು, ಒಂದು ಬಸ್ಸು ಉಳಿಯುತ್ತಿತ್ತು. ಆದರೆ ಅಲ್ಲಿ ಕಸ ಹೊಡೆದು, ನೀರು ತುಂಬಿ, ಪುಸ್ತಕ ಎತ್ತಿಡುವ ಮೌಶಿ ಇದ್ದಳು. ತಾಯಿಯ ತಂಗಿಗೆ ನಮ್ಮ ಕಡೆ ಮೌಶಿ ಅನ್ನುತ್ತಾರೆ. ಇವಳು ಊರಿಗೆಲ್ಲ ಮೌಶಿ. ಗಂಡ ಆಗಲೇ ಹೈದರಾಬಾದಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದ. ಇವಳದು ತಾತ್ಕಾಲಿಕ ನೌಕರಿ. ಕೋಣೆಗೆ ಬಾಗಿಲು ಬಿದ್ದ ದಿನವೇ ಇವಳೂ ಗಂಟು ಕಟ್ಟಬೇಕು, ಮಗಳ ಸಾಲಿ, ಓದು ಬಿಡಿಸಬೇಕು.

"ಬಾಯಾರ, ಓದೋರು ಬಂದ್ರ ಕೋಣಿ ಉಳೀತದಲ್ರಿ?" ಎಂದು ಕೇಳಿದಳು. ಮೇಡಂ ಅನ್ನುವ ಬದಲು ನಮ್ಮ ಕಡೆ ಬಾಯಾರ ಅನ್ನುತ್ತಾರೆ.

"ಉಳೀತದ ಮೌಶಿ. ಆದ್ರ ಓದೋರನ್ನ ಎಲ್ಲಿಂದ ತರೋದು?"

ಅಂದಿನಿಂದ ನಾನು ಮೂರೂ ಊರಲ್ಲಿ ಓದುಗರ ಮುಖವನ್ನೇ ನೋಡತೊಡಗಿದೆ. ನೋಡಿದ್ದರಲ್ಲಿ ಕೆಲವನ್ನು ಇಲ್ಲಿ ಹೇಳುತ್ತೇನೆ.

ಮುತ್ಯಾನ ಅರ್ಹತೆ

ಬೀದರದ ಗ್ರಂಥಾಲಯಕ್ಕೆ ಅಷ್ಟೂರಿನಿಂದ ಒಬ್ಬ ಹಿರಿಯರು ಬಂದರು. ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು, ನೀರು ಕುಡಿದು, ಸಾವಕಾಶ ಮಾತು ತೆಗೆದರು.

"ಬಾಯಾರ, ಸರಕಾರ ನಮ್ಮ ಜಿಲ್ಲಾದ ಮ್ಯಾಲ ದೊಡ್ಡ ಬುಕ್ಕು ಮಾಡ್ಯಾದಂತ. ಅದ್ರಾಗ ಎಲ್ಲಾ ಅದಂತ. ಖರೇ ಏನ್ರಿ?"

"ಖರೇ ಕಾಕಾ. ಗ್ಯಾಜೆಟಿಯರ್ ಅಂತಾರ್ರಿ ಅದಕ್ಕ."

"ನಮ್ಮೂರು ಅದಯೇನು ನೋಡ್ರಿ."

ಅಪರೂಪಕ್ಕೆ ಬಂದ ಗಿರಾಕಿ. ಖುಷಿಯಿಂದ ಗ್ಯಾಜೆಟಿಯರ್ ತೆಗೆದು, ಧೂಳು ಹೊಡೆದು, ಅಷ್ಟೂರು ಇರುವ ಪುಟ ಹುಡುಕಿ ಜೋರಾಗಿ ಓದಿದೆ. ಬಹಮನಿ ಸುಲ್ತಾನರ ಗೋರಿಗಳು, ಗುಮ್ಮಟಗಳು, ಒಳಗಿನ ಬಣ್ಣದ ಚಿತ್ತಾರ, ಎಲ್ಲಾ ಇತ್ತು. ಹಿರಿಯರು ಕಣ್ಣು ಮುಚ್ಚಿ, ಪುರಾಣ ಕೇಳುವಷ್ಟು ಭಕ್ತಿಯಿಂದ ಕೇಳಿದರು. ನಾನು ನಿಲ್ಲಿಸಿದ ಮೇಲೆ ಕಣ್ಣು ತೆರೆದರು.

"ಮುಂದ?"

"ಅಷ್ಟೇ ರಿ ಕಾಕಾ."

"ನಮ್ಮ ಮುತ್ಯಾಂದು?" ಎಂದು ತಮ್ಮ ಅಜ್ಜನ ವಿಚಾರ ಎತ್ತಿದರು.

"ನಿಮ್ಮ ಮುತ್ಯಾ ಯಾರ್ರಿ?"

"ಯಾರಂದ್ರ? ಗುಮ್ಮಟದ ಒಳಗ ಮಲಗಿದವರ ಹೆಸರು ಸಾಲಾಗಿ ಬರದೀರಿ. ಅದರ ಬಾಜೂಕ ಜಲ್ಮ ಪೂರಾ ಜ್ವಾಳ ಬಿತ್ತಿದಾಂವಂದು ಒಂದು ಸಾಲು ಇಲ್ಲೇನ್ರಿ?"

ಸರಕಾರದ ಪರವಾಗಿ ಏನಾದರೂ ಹೇಳಬೇಕಲ್ಲ ಎಂದು, "ಕಾಕಾ, ಇದರಾಗ ರಾಜರ ಹೆಸರಷ್ಟೇ ಬರ್ತಾವ್ರಿ. ಅದೂ ಸತ್ತು ಭಾಳ ವರ್ಷ ಆಗಿರ್ಬೇಕು" ಎಂದೆ.

ಅವರು ರುಮಾಲು ಸುತ್ತಿಕೊಂಡು ಎದ್ದರು. "ಮುತ್ಯಾನೂ ಸತ್ತು ಭಾಳ ವರ್ಷ ಆತ್ರಿ. ಅರ್ಧಾ ಅರ್ಹತಾ ಅದ. ಉಳಿದ ಅರ್ಧಾಕ್ಕ ನೀವು ಮ್ಯಾಲ ಒಂದು ಮಾತು ಹೇಳ್ರಿ."

ಮಾಸ್ತರರು ಓದಿದ ಆದೇಶ

ಭಾಲ್ಕಿಯ ಓದುಕೋಣೆಗೆ ನಿವೃತ್ತ ಮಾಸ್ತರರೊಬ್ಬರು ದಿನಾ ಬರುತ್ತಿದ್ದರು. ಬಂದವರು "ಶರಣು ಶರಣಾರ್ಥಿ" ಎಂದು ಎಲ್ಲರಿಗೂ ಕೈಮುಗಿದು, ಪೇಪರು ಹಿಡಿದು ಜೋರಾಗಿ ಓದುತ್ತಿದ್ದರು. ಅಲ್ಲಿನ ಪದ್ಧತಿಯೇ ಹಾಗೆ, ಒಬ್ಬರು ಓದುವುದು, ಉಳಿದವರು ಕೇಳಿ ಸರಕಾರಕ್ಕೆ ಬೈಯುವುದು. ಸದ್ದು ಮಾಡಬೇಡಿ ಎಂಬ ಫಲಕ ಅವರ ತಲೆಯ ಮೇಲೇ ಇತ್ತು. ಅದನ್ನೂ ಒಮ್ಮೆ ಜೋರಾಗಿ ಓದಿ ಹೇಳಿದ್ದರು.

ಔರಾದದ ಕೋಣೆಗೆ ಕುತ್ತು ತಂದ ಆ ಆನ್‌ಲೈನ್ ಅನ್ನುವುದು ಭಾಲ್ಕಿಗೂ ಒಂದು ಕಂಪ್ಯೂಟರಿನ ರೂಪದಲ್ಲಿ ಬಂದು ಕೂತಿತ್ತು. ಒಂದು ದಿನ ಬರ ಪರಿಹಾರದ ಹೊಸ ಆದೇಶ ವೆಬ್‌ಸೈಟಿನಲ್ಲಿ ಬಂದಿದೆ ಎಂದು ಸುದ್ದಿಯಾಗಿ ರೈತರು ತುಂಬಿಕೊಂಡರು. ನಾನು ಹೆಮ್ಮೆಯಿಂದ ತೆರೆದೆ. ಪರದೆಯ ತುಂಬ ಪ್ರಶ್ನೆ ಚಿಹ್ನೆ, ಅರ್ಧ ಕೊಂಬು, ತಲೆಯ ಮೇಲೆ ಟೊಪ್ಪಿಗೆ ಹಾಕಿದ ಇಂಗ್ಲಿಷ್ ಅಕ್ಷರ. ಅವರು ಬಳಸಿದ ಕನ್ನಡದ ಫಾಂಟು ನಮ್ಮ ಕಂಪ್ಯೂಟರಿನಲ್ಲಿ ಇರಲಿಲ್ಲ.

"ಇದು ಓದಲಿಕ್ಕೆ ಬರಂಗಿಲ್ಲರಿ, ಬೀದರದಿಂದ ಹುಡುಗ ಬಂದು ರಿಪೇರಿ ಮಾಡಬೇಕು" ಎಂದೆ.

"ಯಾಕ ಬರಂಗಿಲ್ಲ? ಸರೀರಿ" ಎಂದು ಮಾಸ್ತರರು ಕನ್ನಡಕ ಏರಿಸಿಕೊಂಡು ನನ್ನ ಕುರ್ಚಿಯಲ್ಲಿ ಕೂತರು. ಪರದೆಯ ಮೇಲೆ ಬೆರಳಿಟ್ಟು ಶುರು ಮಾಡಿದರು. "ಇಲ್ಲಿ ಹಿಂದಿನ ಆದೇಶ ಓದಲಾಗಿದೆ ಅಂತದ. ಈ ಉದ್ದನ್ನ ಪ್ಯಾರಾದಾಗ ರೈತರ ಬಗ್ಗೆ ಸರಕಾರಕ್ಕ ಭಾಳ ಕಾಳಜಿ ಅದ ಅಂತ ಬರದಾರ. ಇಲ್ಲಿ ಅರ್ಜಿ ಕೊಡ್ರಿ ಅಂತದ. ಇಲ್ಲಿ ಪರಿಶೀಲನಾ ಮಾಡ್ತೇವಿ ಅಂತದ. ಕೊನಿಗಿ ಸಣ್ಣ ಅಕ್ಷರದಾಗ ಅನುದಾನ ಇದ್ರ ಮಾತ್ರ ಅಂತದ. ಏಳ್ರಿ, ಎಲ್ಲಾರೂ ಮನಿಗಿ ನಡೀರಿ."

ರೈತರು ಎದ್ದು ಹೋದರು. ನನಗೆ ಸಿಟ್ಟು ಬಂತು. ಹೀಗೆ ಜನರ ದಾರಿ ತಪ್ಪಿಸಬಾರದು ಎಂದು ಹೇಳಿಯೂ ಹೇಳಿದೆ. ಮುಂದಿನ ವಾರ ಹುಡುಗ ಬಂದು ಫಾಂಟು ಹಾಕಿದ. ಆದೇಶ ಲಕಲಕ ಕನ್ನಡದಲ್ಲಿ ತೆರೆದುಕೊಂಡಿತು. ಓದಿ ನೋಡಿದರೆ ಹಿಂದಿನ ಆದೇಶ, ಕಾಳಜಿ, ಅರ್ಜಿ, ಪರಿಶೀಲನೆ, ಅನುದಾನ, ಎಲ್ಲಾ ಅದೇ ಸಾಲಿನಲ್ಲಿ ಇತ್ತು. ಪ್ರಿಂಟು ತೆಗೆದು ಮಾಸ್ತರರ ಮುಂದಿಟ್ಟು, "ನೀವು ಹೇಳಿದ್ದೇ ಸರಿ ಇತ್ತು ನೋಡ್ರಿ ಸರ್" ಎಂದೆ.

ಅವರು ಎರಡು ಸಾಲು ಓದಿ, ಮುಖ ಸಣ್ಣ ಮಾಡಿ, ಹಾಳೆಯನ್ನು ವಾಪಸು ದೂಡಿದರು. "ಇದು ಬ್ಯಾಡ್ರಿ ಬಾಯಾರ. ಮೊದಲಿನ ಪ್ರತೀನೇ ಸ್ಪಷ್ಟ ಇತ್ತು."

ಮಳೆಯ ಸಾಧ್ಯತೆ

ಇದು ಔರಾದದ್ದು. ಒಬ್ಬ ಹೆಣ್ಣುಮಗಳು ಕೂಸನ್ನು ಬಗಲಲ್ಲಿ ಎತ್ತಿಕೊಂಡು ನಾನು ಬರುವ ದಿನ ತಪ್ಪದೆ ಬರುತ್ತಿದ್ದಳು. ಗಂಡ ಹೈದರಾಬಾದಿಗೆ ದುಡಿಯಲು ಹೋಗಿದ್ದ. ಇವಳಿಗೆ ಬೇಕಾದದ್ದು ಒಂದೇ ಮಾಹಿತಿ.

"ನೆಟ್ಟಿನಾಗ ಸರಕಾರ ಮಳಿ ಬಗ್ಗೆ ಏನಂತದ ನೋಡ್ರಿ ಬಾಯಾರ."

ನನ್ನ ಮೊಬೈಲಿನಲ್ಲಿ ಹವಾಮಾನದ ಪುಟ ತೆರೆದು ನೋಡುತ್ತಿದ್ದೆ. ವಾರವಾರವೂ ಒಣಹವೆ. ಅದನ್ನು ಹೇಳಿ ಹೇಳಿ ನನಗೇ ನಾಚಿಕೆ ಬಂದಿತ್ತು. ಕೊನೆಗೆ ಒಂದು ವಾರ ಅಲ್ಲಲ್ಲಿ ಮಳೆಯ ಸಾಧ್ಯತೆ ಎಂದು ಬಂತು. ಮಳೆ ನಾನೇ ತರಿಸಿದಷ್ಟು ಉಮೇದಿನಿಂದ ಓದಿ ಹೇಳಿದೆ. ಅವಳು ನಿಂತ ಜಾಗದಲ್ಲೇ ಗಂಡನಿಗೆ ಫೋನು ಹಚ್ಚಿದಳು. "ಸರಕಾರ ಬರದದ. ಮಳಿ ಬರ್ತದಂತ. ಲಗೂ ಬಾ, ಬಿತ್ತೋದದ."

ಅವನು ಬಂದ. ಮಳೆ ಬರಲಿಲ್ಲ. ನಾನು ಮತ್ತೆ ಔರಾದಕ್ಕೆ ಹೋದಾಗ ಗಂಡ ಹೆಂಡತಿ ಇಬ್ಬರೂ ಬಾಗಿಲಲ್ಲೇ ನಿಂತಿದ್ದರು.

"ಬಾಯಾರ, ನಿಮ್ಮ ಮಳಿ ಎಲ್ಲಿ ಹೋತ್ರಿ?" ಎಂದು ಅವನು ಕೇಳಿದ.

ಮೊಬೈಲು ತೋರಿಸಿದೆ. "ನೋಡಪಾ, ಮಳಿ ಬರ್ತದ ಅಂತ ಅಂದಿಲ್ಲ. ಸಾಧ್ಯತೆ ಅದ ಅಂದಾರ."

"ಹಂಗಾರ ಬಸ್ಸಿನಾಗ ಸಾಧ್ಯತಾಕ್ಕ ಅರ್ಧಾ ಟಿಕೀಟು ಇರಬೇಕಿತ್ತಲ್ರಿ!"

ಕೈಮುಗಿದು ತಪ್ಪಾಯಿತು ಎಂದೆ. ಅವನು ಗೊಣಗುತ್ತಾ ಚೀಲ ಎತ್ತಿಕೊಂಡು ಬಸ್ಸಿನ ಕಡೆ ನಡೆದ. ಹೆಂಡತಿ ಮಾತ್ರ ಕೂಸಿನ ಮುಖ ಒರೆಸುತ್ತಾ ಹಿಂದೆ ಉಳಿದಳು. ಇನ್ನು ಇವಳ ಬೈಗುಳ ಶುರುವಾಗುತ್ತದೆ ಎಂದು ನಾನು ತಯಾರಾದೆ. ಅವಳು ಹತ್ತಿರ ಬಂದು, ಗಂಡನಿಗೆ ಕೇಳದ ಹಾಗೆ ಮೆಲ್ಲಗೆ ಕೇಳಿದಳು. "ಬಾಯಾರ, ಬರೋ ತಿಂಗಳದಾಗೂ ಒಂದು ಸಾಧ್ಯತಾ ಅದಯೇನು ನೋಡ್ರಿ."

ಪೂಜೆ

ಆಯುಧ ಪೂಜೆಗೆ ಮೌಶಿ ನನ್ನನ್ನು ಕೇಳದೆ ಕಪಾಟಿನ ಪುಸ್ತಕಗಳನ್ನೆಲ್ಲ ಇಳಿಸಿ, ಒರೆಸಿ, ಒಂದೊಂದರ ರಟ್ಟಿಗೂ ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂವು ಏರಿಸಿದ್ದಳು. ಜನಗಣತಿಗೆ ಊದಿನಕಡ್ಡಿ, ಬಜೆಟ್ ಭಾಷಣಕ್ಕೆ ತೆಂಗಿನಕಾಯಿ. ಪರಿಣಾಮ ಏನಾಯಿತೆಂದರೆ, ಮೊದಲು ಉದಾಸೀನದಿಂದ ಮುಟ್ಟದಿದ್ದ ಜನ ಈಗ ಭಕ್ತಿಯಿಂದ ಮುಟ್ಟಲಿಲ್ಲ. ಪಿಂಚಣಿಯ ನಿಯಮ ನೋಡಲು ಬಂದ ಒಬ್ಬ ಗೃಹಸ್ಥರು ಗೆಜೆಟ್ಟನ್ನು ಎರಡೂ ಕೈಯಿಂದ ಎತ್ತಿ, ಹಣೆಗೆ ಒತ್ತಿಕೊಂಡು, ತೆರೆಯದೆ ಅಲ್ಲೇ ಇಟ್ಟು ಹೋದರು.

ನನಗೆ ತಲೆ ಕೆಟ್ಟುಹೋಯಿತು. "ಮೌಶಿ, ನಮಗ ಬೇಕಾಗಿದ್ದು ಓದೋರು. ಭಕ್ತರನ್ನ ಇಟಗೊಂಡು ಏನು ಮಾಡೋದು?"

"ಇರಲಿ ಬಿಡ್ರಿ ಬಾಯಾರ" ಎಂದಳು. "ಓದೋ ಕೋಣಿ ಮುಚ್ತಾರ. ಗುಡಿ ಯಾರರ ಮುಚ್ಯಾರೇನ್ರಿ?"

ಫ್ಯಾನಿನ ಕೆಳಗೆ

ಬೇಸಿಗೆ ಬಂತು. ಕೋಣೆ ಇಡಬೇಕೋ ಮುಚ್ಚಬೇಕೋ ಎಂದು ನಿರ್ಧರಿಸಲು ಮೇಲಿನ ಸಾಹೇಬರೊಬ್ಬರು ಬರುತ್ತಾರೆಂದು ಸುದ್ದಿ ಬಂತು. ನಿರ್ಧರಿಸುವುದೇನು ಬಂತು, ಮುಚ್ಚುವುದು ಗೊತ್ತೇ ಇತ್ತು. ನೋಡಿ ಮುಚ್ಚಿದೆವು ಅನ್ನಿಸಿಕೊಳ್ಳಲು ಬರುತ್ತಿದ್ದರು ಅಷ್ಟೇ. ಮೌಶಿಯ ಗಂಡ ಹೈದರಾಬಾದಿನಲ್ಲಿ ಆಗಲೇ ಒಂದು ತಗಡಿನ ಮನೆ ನೋಡಿಟ್ಟಿದ್ದ. ಮಗಳು ಸಾಲಿ ಬಿಡಲಾರೆ ಎಂದು ಊಟ ಬಿಟ್ಟಿದ್ದಳಂತೆ.

ಆದರೆ ಮೌಶಿ ಸುಮ್ಮನೆ ಕೂಡುವ ಹೆಂಗಸಲ್ಲ. ಬಸ್ ನಿಲ್ದಾಣದ ಬಿಸಿಲಲ್ಲಿ ಗಂಟು ಮೂಟೆ, ಮಕ್ಕಳನ್ನು ಕಟ್ಟಿಕೊಂಡು ಹೈದರಾಬಾದ್ ಬಸ್ಸಿಗೆ ಕಾಯುತ್ತಿದ್ದವರನ್ನು ಒಳಗೆ ಕರೆಯತೊಡಗಿದಳು. ಕೋಣೆಯಲ್ಲಿ ಗಡಿಗೆಯ ತಣ್ಣೀರು ಇತ್ತು, ಒಂದೇ ಒಂದು ಫ್ಯಾನಿತ್ತು. ಅವಳದೊಂದು ಕಾಯಿದೆಯೂ ಇತ್ತು. ಪುಸ್ತಕ ಕೈಯಲ್ಲಿ ಇದ್ದವರಿಗೆ ಮಾತ್ರ ಒಳಗೆ ಜಾಗ. ಸಣ್ಣ ಪುಸ್ತಕದವರು ಗೋಡೆಯ ಬದಿಗೆ, ದಪ್ಪ ಪುಸ್ತಕದವರು ಫ್ಯಾನಿನ ನೇರ ಕೆಳಗೆ.

ಹೀಗಾಗಿ ಜನಗಣತಿಯ ಸಂಪುಟಕ್ಕೆ ಎಂದೂ ಇಲ್ಲದ ನೂಕುನುಗ್ಗಲು. ಓದು ಬಾರದವರು ನಕ್ಷೆ ನೋಡಿದರು. ಓದು ಬಲ್ಲವರು ಮೊದಮೊದಲು ಗಾಳಿಗಾಗಿ ಹಿಡಿದರು, ಆಮೇಲೆ ಬೇಸರ ಕಳೆಯಲು ಹಾಳೆ ತಿರುವಿದರು, ಬಸ್ಸು ಇನ್ನೂ ತಡವಾದಾಗ ಬೇರೆ ದಾರಿಯಿಲ್ಲದೆ ಓದಿಯೇಬಿಟ್ಟರು. ಬಸ್ಸು ಹೊತ್ತಿಗೆ ಸರಿಯಾಗಿ ಬಂದಿದ್ದರೆ ನಮ್ಮ ಔರಾದದಲ್ಲಿ ಅಷ್ಟು ಜ್ಞಾನ ಬೆಳೆಯುತ್ತಿರಲಿಲ್ಲ.

ಸಾಹೇಬರು ಬಂದ ದಿನ ಕೋಣೆ ಕಿಕ್ಕಿರಿದಿತ್ತು. ಕಾಲಿಡಲು ಜಾಗವಿಲ್ಲ, ಒಬ್ಬರೂ ತಲೆ ಎತ್ತಲಿಲ್ಲ. ಅವರು ದಕ್ಷಿಣದ ಕಡೆಯವರು. ಫೈಲು ಹಿಡಿದುಕೊಂಡು ಬಾಗಿಲಲ್ಲೇ ನಿಂತುಬಿಟ್ಟರು.

"ಇವರೆಲ್ಲಾ ಓದುಗರೇನ್ರೀ?"

"ಹೌದು ಸರ್" ಎಂದೆ. ಓದುತ್ತಿದ್ದರಲ್ಲ, ಸುಳ್ಳೇನಿಲ್ಲ.

ಫ್ಯಾನಿನ ನೇರ ಕೆಳಗೆ ಒಬ್ಬ ನಡುವಯಸ್ಸಿನ ರೈತ ಕೂತಿದ್ದ. ಕಾಲ ನಡುವೆ ಹಾಸಿಗೆಯ ಸುರುಳಿ, ಕೈಯಲ್ಲಿ ನೀರಿನ ಕಾಮಗಾರಿಗಳ ವಾರ್ಷಿಕ ವರದಿ. ಸಾಹೇಬರು ಬಗ್ಗಿ ಅವನ ಹೆಗಲು ತಟ್ಟಿದರು. "ಏನಪ್ಪಾ, ಚೆನ್ನಾಗಿದೆಯಾ ಪುಸ್ತಕ?"

"ಬರ್ರಿ ಸಾಹೇಬ್ರ, ಸರೀಗಿ ಬಂದ್ರಿ" ಎಂದು ಅವನು ಸರಿದು ಜಾಗ ಮಾಡಿಕೊಟ್ಟ. "ಇದು ಸರಕಾರದ್ದೇ ಬುಕ್ಕು ಹೌದಿಲ್ರಿ?"

"ಹೌದು."

"ಇದರಾಗ ಬರದದ್ದು ಖರೇ ಇರ್ತದಿಲ್ರಿ?"

"ಸರಕಾರ ಸುಳ್ಳು ಪ್ರಿಂಟ್ ಮಾಡಿಸುತ್ತೇನಯ್ಯಾ?"

"ಹಂಗಾರ ನೋಡ್ರಿ ಇಲ್ಲಿ. ನಮ್ಮೂರ ಕೆರಿ ಹೂಳ ತಗದು, ನೀರು ತುಂಬಿಸಿ, ಕಾಲುವಿಗಿ ಬಿಟ್ಟಾರಂತ ಬರದದ. ನಾ ಇವತ್ತ ಮುಂಜಾನಿ ಆ ಕೆರಿಯಾಗಿಂದೇ ನಡಕೊಂತ ಬಂದೀನ್ರಿ, ಅಡ್ಡದಾರಿ ಅಂತ. ಚಪ್ಪಲಿ ಸುದ್ದಾ ಹಸಿ ಆಗಿಲ್ಲ. ನೀರು ನನ್ನ ಹಿಂದಿಂದ ಬಂತೋ ಏನೋ. ಬಂದಿದ್ರ ಹೇಳ್ರಿ ಸಾಹೇಬ್ರ, ಹಿಂಗೇ ವಾಪಸ್ ಹೋಗ್ತೇನಿ. ಹೈದರಾಬಾದಿಗಿ ಹೋಗಲಿಕ್ಕ ನನಗೇನು ಹೌಸಿ ಅದಯೇನ್ರಿ?"

ಸಾಹೇಬರು ತಮ್ಮ ಫೈಲು ತಿರುವತೊಡಗಿದರು. ಅಷ್ಟರಲ್ಲಿ ಗೋಡೆಯ ಬದಿಯಿಂದ ಒಬ್ಬಳು ತನ್ನ ಊರಿನ ಹೆಸರು ಹೇಳಿ ಕೂಗಿದಳು. "ಅಣ್ಣಾ, ನಮ್ಮೂರಿಗಿ ಏನು ಬಂದದ ನೋಡು."

ಅವನು ಹಾಳೆ ತಿರುವಿದ. "ನಿಮ್ಮೂರ ಹಳ್ಳಕ್ಕ ಒಡ್ಡು, ಬಾಂದಾರ ಕಟ್ಯಾರ ತಂಗಿ."

"ಹೌದಾ? ಯಾವಾಗ?"

"ಹ್ವಾದ ವರ್ಷ."

"ಹ್ವಾದ ವರ್ಷ ನಾ ಊರಾಗೇ ಇದ್ದೆನಲ್ಲ! ನನಗ ಯಾರೂ ಹೇಳಲೇ ಇಲ್ಲ."

ಕೋಣೆಯಲ್ಲಿ ನಗು ಎದ್ದಿತು. ಒಬ್ಬೊಬ್ಬರೇ ತಂತಮ್ಮ ಊರಿನ ಹೆಸರು ಕೂಗತೊಡಗಿದರು. ಹೊರಗೆ ಕಂಡಕ್ಟರ್ "ಹೈದರಾಬಾದ್, ಹೈದರಾಬಾದ್" ಎಂದು ಒದರಿದ್ದೇ ನಗು ಅರ್ಧಕ್ಕೆ ನಿಂತಿತು. ಗಂಟು ತಲೆಗೇರಿದವು, ಕೂಸುಗಳು ಬಗಲಿಗೇರಿದವು. ಆ ರೈತ ಎದ್ದವನು ಹಾಳೆಯ ಮೂಲೆ ಮಡಚಿ, ವರದಿಯನ್ನು ಸಾಹೇಬರ ಕೈಗೇ ಕೊಟ್ಟ. "ಇಲ್ಲೇ ಅದರಿ ನಮ್ಮೂರು. ನೀರು ಬಂದ್ರ ಮೌಶಿಗಿ ಹೇಳ್ರಿ ಸಾಹೇಬ್ರ, ಆಕಿ ಫೋನ್ ಹಚ್ತಾಳ" ಎಂದು ಓಡಿದ.

ಬಸ್ಸು ಹೋಯಿತು. ಖಾಲಿ ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು. ನನಗೆ ಅಳು ಬಂತು, ಮುಖ ಆ ಕಡೆ ತಿರುಗಿಸಿಕೊಂಡೆ. ಸಾಹೇಬರು ರೈತ ಕೂತಿದ್ದ ಜಾಗದಲ್ಲೇ ಕೂತು, ಮೌಶಿ ಕೊಟ್ಟ ನೀರು ಕುಡಿದು, ಮಡಚಿದ ಪುಟ ಓದಿದರು. ಬೆವರು ಒರೆಸಿಕೊಂಡು ಇನ್ನೂ ನಾಲ್ಕು ಪುಟ ಓದಿದರು.

"ಇದು ಆನ್‌ಲೈನ್ ಇದೆಯೇನ್ರೀ?"

"ಇದೆ ಸರ್. ಅಲ್ಲಿ ಯಾರೂ ನೋಡುವುದಿಲ್ಲ."

"ಹಾಗಾದರೆ ಅಲ್ಲಿ ಇರಲಿ, ಏನೂ ತೊಂದರೆಯಿಲ್ಲ. ಈ ಕೋಣೆ ಮುಚ್ಚಿದರೆ ಈ ಪುಸ್ತಕಗಳು ಎಲ್ಲಿಗೆ ಹೋಗುತ್ತವೆ?"

"ಬೀದರಕ್ಕೆ ಸರ್. ಅಲ್ಲಿ ಪತ್ರಿಕೆಯವರು ದಿನಾ ಬರುತ್ತಾರೆ."

ಅವರು ಗಾಬರಿಯಾದರು. "ಬೇಡ ಬೇಡ. ಇಲ್ಲೇ ಇರಲಿ. ಕೋಣೆ ಮುಂದುವರಿಯಲಿ. ಆದರೆ ವಾರ್ಷಿಕ ವರದಿಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ. ಕೀಲಿಗೆ ಜವಾಬ್ದಾರಿ ಯಾರು?"

"ಈಕೆಯೇ ಸರ್. ಆದರೆ ಈಕೆಯ ನೌಕರಿ ಈ ತಿಂಗಳಿಗೆ ಮುಗಿಯುತ್ತದೆ. ಆಮೇಲೆ ಕೀಲಿ ಯಾರ ಕೈಗೆ ಹೋಗುತ್ತದೋ ಹೇಳಲಾಗದು" ಎಂದೆ. ನನ್ನ ನೌಕರಿಯಲ್ಲಿ ಅಷ್ಟು ಚಂದದ ಮಾತು ನಾನು ಮತ್ತೊಮ್ಮೆ ಆಡಿಲ್ಲ.

"ಮುಂದುವರಿಸಿ ಅಂತ ಬರೆಯಿರಿ, ಸಹಿ ಮಾಡುತ್ತೇನೆ" ಎಂದು ಅಲ್ಲೇ ಸಹಿ ಹಾಕಿದರು. ಅವರ ಜೀಪು ತಿರುವು ದಾಟುವವರೆಗೆ ಮೌಶಿ ಗಂಭೀರವಾಗಿ ನಿಂತಿದ್ದಳು. ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಮಗಳು ಆ ವರ್ಷ ಔರಾದದ ಸಾಲಿಯಲ್ಲೇ ಮುಂದಿನ ಇಯತ್ತೆಗೆ ಹೋದಳು.

ಮುಂದಿನ ಸಲ ನಾನು ಹೋದಾಗ ಕಪಾಟಿಗೆ ಹೊಸ ಬೀಗ ಬಂದಿತ್ತು. ಕೀಲಿಕೈ ಮೌಶಿಯ ಸೊಂಟದಲ್ಲಿ ತೂಗುತ್ತಿತ್ತು. ಕಪಾಟಿನ ಎರಡೂ ಬಾಗಿಲು ಮಾತ್ರ ಹಾರು ಹೊಡೆದಿದ್ದವು. ಒಳಗೆ ಒಂದು ವರದಿಯೂ ಇಲ್ಲ, ಎಲ್ಲಾ ಫ್ಯಾನಿನ ಕೆಳಗೆ ಕೂತವರ ಕೈಯಲ್ಲಿ. ಒಬ್ಬ ಓದುತ್ತಿದ್ದ, ಉಳಿದವರು ತಮ್ಮೂರಿಗೆ ಏನೇನು ಬಂದಿದೆ ಎಂದು ಕೇಳಿ ಕೇಳಿ ನಗುತ್ತಿದ್ದರು.

"ಮೌಶಿ! ಸಾಹೇಬರು ಕೀಲಿ ಹಾಕು ಅಂತ ಹೇಳಿರಲಿಲ್ಲೇನು?"

"ಅಂದಾರಲ್ರಿ ಬಾಯಾರ. ಹಾಕ್ತೇನಿ, ದಿನಾ ಹಾಕ್ತೇನಿ" ಎಂದಳು ಮೌಶಿ. "ಸಂಜಿಮುಂದ, ಮನಿಗಿ ಹೋಗೋವಾಗ."